ತಮಟೆ ಕಾಯಿಸುವವರು

ಮಳೆ ಹಿಡಿದರೆ ತಮಟೆಯ ಚರ್ಮ ಸಡಿಲವಾಗುತ್ತದೆ. ಕಳೆದ ಭಾನುವಾರ ನನ್ನ ತಮಟೆಯನ್ನು ಗೋಡೆಯಿಂದ ಇಳಿಸಿ, ತುಮಕೂರಿನ ಈ ಬಾಡಿಗೆ ಮನೆಯ ಗ್ಯಾಸ್ ಒಲೆಯ ಸಣ್ಣ ಉರಿಗೆ ಹಿಡಿದಿದ್ದೆ. ಬಿಸಿಯಾದ ಚರ್ಮದ ವಾಸನೆ ಅಡುಗೆಮನೆ ತುಂಬಿತು. ಕೆಳಗಿನ ಮನೆಯ ಆಂಟಿ ಮೆಟ್ಟಿಲು ಹತ್ತಿ ಬಂದು, “ಏನ್ರೀ, ಏನೋ ಸೀದೋಗ್ತಿದೆ” ಎಂದರು. ಆ ವಾಸನೆಗೆ ತೆಂಗಿನ ಮಟ್ಟೆಯ ಹೊಗೆಯೂ ಸೇರಿದ್ದರೆ, ನಮ್ಮ ತಮಟೆ ಮೇಷ್ಟ್ರು ಇಲ್ಲೇ ಎಲ್ಲೋ ಕುಕ್ಕರುಗಾಲಲ್ಲಿ ಕೂತಿದ್ದಾರೆ ಎನ್ನಿಸಿಬಿಡುತ್ತಿತ್ತು...

ದಬ್ಬೇಘಟ್ಟದ ಹತ್ತಿರದ ನಮ್ಮೂರಿನಲ್ಲಿ ಅವರ ಕೇರಿ ಊರಿನಿಂದ ಸ್ವಲ್ಪ ಆಚೆಗಿತ್ತು. ಚಿಕ್ಕಂದಿನಲ್ಲಿ ಅವರು ತಂದೆಯ ಜೊತೆ ಸಾವಿಗೆ, ಹಬ್ಬಕ್ಕೆ, ಕರೆದಲ್ಲಿಗೆಲ್ಲ ಹೋಗಿ ಗೇಟಿನಾಚೆ ನಿಂತು ಬಾರಿಸಿದವರು. ಪ್ರಾಯಕ್ಕೆ ಬಂದ ಮೇಲೆ ಅದನ್ನು ನಿಲ್ಲಿಸಿದರು. ಕೇರಿಯ ಸ್ಮಶಾನಕ್ಕೆ ದಾರಿ ಬೇಕೆಂದು ಹುಡುಗರನ್ನು ಕಟ್ಟಿಕೊಂಡು ತುರುವೇಕೆರೆಗೆ ನಡೆದು, ತಾಲ್ಲೂಕು ಕಚೇರಿಯ ಮುಂದೆ ತಮಟೆ ಬಾರಿಸುತ್ತ ಕೂತರಂತೆ. “ಕೂಗುದ್ರೆ ಗಂಟ್ಲು ಕಟ್ತದೆ ಕಣವ್ವ. ಬಾರುಸುದ್ರೆ ತೋಳು ನೋಯ್ತದೆ, ಅಷ್ಟೆ” ಎಂದು ಅದನ್ನು ನೆನೆದು ನಗುತ್ತಿದ್ದರು. ದಾರಿಯಾಯಿತು. ಆಮೇಲೆ ಮತ್ತೆ ಮನೆಮನೆಗೆ ಬಾರಿಸಲು ಹೋಗತೊಡಗಿದರು, ಆದರೆ ಒಂದು ಕಟ್ಟಳೆ ಇಟ್ಟುಕೊಂಡು: ಕರೆದ ಮನೆಯ ಹಿರಿಯರು ತಮ್ಮ ಕೈಯಿಂದಲೇ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿಕೊಡಬೇಕು. ಚರ್ಮ ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಮನೆಗಳೇ ಹೆಚ್ಚು. ಹಾಗಾಗಿ ಅವರಿಗೆ ಕರೆಗಳು ಕಡಿಮೆಯಾದವು. ಕಾಯಿಸುವ ಅಗತ್ಯವೇ ಇಲ್ಲದ ಫೈಬರ್ ತಮಟೆ ಬಂದಾಗಲೂ ಅವರು ಕೊಳ್ಳಲಿಲ್ಲ. “ಕಾಯ್ಸೋ ಕೆಲ್ಸನೇ ಇಲ್ದಿದ್ರೆ ಮುಟ್ಟೋರು ಯಾರು?” ಎಂದಿದ್ದರು.

ನಾನು ಏಳನೇ ತರಗತಿಯಲ್ಲಿದ್ದಾಗ ಶನಿವಾರಗಳಂದು ನಮ್ಮ ಶಾಲೆಯ ಎಂಟು ಹುಡುಗಿಯರಿಗೆ ಅವರು ಪಾಠ ಶುರುಮಾಡಿದರು. ನಾನು ಹೆಚ್ಚು ಮಾತನಾಡುವವಳಲ್ಲ. ತಮಟೆ ಹಿಡಿದಾಗ ಮಾತನಾಡಬೇಕಾಗಿಯೂ ಇರಲಿಲ್ಲ. ಅದೇ ನನಗೆ ಹಿಡಿಸಿದ್ದಿರಬೇಕು. ಮನೆಯಲ್ಲಿ ತಾತ ಕಂಡೂ ಕಾಣದಂತಿದ್ದರು. ತಮಟೆ ಮಾತ್ರ ಗೇಟು ದಾಟುವಂತಿರಲಿಲ್ಲ.

ಆ ವರ್ಷ ಚಿಕ್ಕಪ್ಪನ ಮದುವೆ ಗೊತ್ತಾಯಿತು. ಸುತ್ತಿನಲ್ಲಿ ಮೇಷ್ಟ್ರಷ್ಟು ಚೆನ್ನಾಗಿ ಬಾರಿಸುವವರು ಇರಲಿಲ್ಲ. ತಾತ ಹೇಳಿ ಕಳಿಸಿದರು, ಮೇಷ್ಟ್ರು ತಮ್ಮ ಕಟ್ಟಳೆಯನ್ನು ಹೇಳಿ ಕಳಿಸಿದರು. ರಾತ್ರಿ ಊಟಕ್ಕೆ ಕೂತಾಗ ತಾತ ತಟ್ಟೆ ನೋಡುತ್ತಲೇ ಹೇಳಿದರು: “ನಮ್ಮನೆಗೇ ಷರತ್ತು ಹಾಕ್ತಾನಂತೆ. ಭಾನುವಾರ ಬರ್ಲಿ, ಮಾತಾಡ್ತೀನಿ. ಒಪ್ಪದಿದ್ರೆ ನೀನೂ ಅವನತ್ರ ಹೋಗದು ಬ್ಯಾಡ.” ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಭಾನುವಾರ ಬೆಳಿಗ್ಗೆ ಅಟ್ಟದಿಂದ ಕಾಯಿ ಇಳಿಸಿದ್ದರು. ನಮ್ಮ ಕಡೆ ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಕಿವಿಯ ಬಳಿ ಅಲ್ಲಾಡಿಸಿ ಕೇಳಬೇಕು. ತಾತ ಅದರಲ್ಲಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅವರು ಅಂಗಳದಲ್ಲಿ ಕೂತು ಒಂದೊಂದೇ ಕಾಯಿ ಅಲ್ಲಾಡಿಸುತ್ತಿದ್ದರು. ಪಕ್ಕದಲ್ಲಿ ನೀರೊಲೆಗೆ ಮಟ್ಟೆ ಉರಿಯುತ್ತಿತ್ತು. ಮೇಷ್ಟ್ರು ತಮಟೆ ನೇತುಹಾಕಿಕೊಂಡು ಬಂದು ಗೇಟಿನಾಚೆ ನಿಂತರು.

“ಏನಪ್ಪ, ಬಾರುಸ್ತೀಯೋ ಇಲ್ವೋ?”

“ಬಾರುಸ್ದೆ ಏನ್ ಗೌಡ್ರೆ” ಎಂದು ಮೇಷ್ಟ್ರು ಅಲ್ಲೇ ನಾಲ್ಕು ಏಟು ಹಾಕಿದರು. ಧಬ್ ಧಬ್ ಎಂದು ಒದ್ದೆ ಗೋಣಿಚೀಲ ಬಡಿದಂತಿತ್ತು.

ತಾತನ ಮುಖ ಹುಳಿಯಾಯಿತು. “ಇದೇನಯ್ಯ, ನೀರ್ಗಾಯಿ ಇದ್ದಂಗದೆ. ಕಾದೇ ಇಲ್ಲ.”

“ಕಾಯ್ಸೋರು ಇನ್ನೂ ಎದ್ದಿಲ್ಲ ಗೌಡ್ರೆ.”

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. ತಾತ ಮತ್ತೆ ಕಾಯಿಗೆ ಕೈ ಹಾಕಿದರು. ಮೇಷ್ಟ್ರು ಅವಸರಪಡದೆ ಇನ್ನೊಂದು ಏಟು ಹಾಕಿದರು, ಧಬ್. ತಾತ ಕಾಯಿ ಅಲ್ಲಾಡಿಸಿದರು. ಇನ್ನೊಂದು ಏಟು, ಧಬ್. ಆ ಸದ್ದಿನ ನಡುವೆ ಅವರಿಗೆ ಕೊಬ್ಬರಿಯ ಸದ್ದು ಹಿಡಿಯಲಾಗುತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ತಾತ ಕಾಯಿಯನ್ನು ಕೆಳಗಿಟ್ಟು ಎದ್ದರು. “ಕಿವಿ ಕೆಟ್ಟೋಯ್ತದೆ, ತತ್ತಾ ಇಲ್ಲಿ” ಎಂದು ತಾವೇ ಗೇಟು ತೆಗೆದು ತಮಟೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡರು.

ಒಲೆಯ ಮುಂದೆ ಕೂತು ತಿರುಗಿಸುತ್ತ ಕಾಯಿಸಿದರು. ಬೆರಳಿನಿಂದ ತಟ್ಟಿ, ಕಿವಿಗೆ ಹತ್ತಿರ ತಂದು, ಥೇಟ್ ಕಾಯಿ ನೋಡುವಂತೆಯೇ ಕೇಳಿದರು. ಹಿಂದೆಯೇ ಒಳಗೆ ಬಂದ ಮೇಷ್ಟ್ರು ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ಸಾಕು ಬುಡಿ ಗೌಡ್ರೆ, ಸುಟ್ಟೋಯ್ತದೆ.”

“ಸುಮ್ನಿರಪ್ಪ. ಇನ್ನೊಂಚೂರು. ನಂಗೆ ಕೇಳುಸ್ತದೆ.”

ಆಮೇಲೆ ಮೇಷ್ಟ್ರು ನಮ್ಮ ಅಂಗಳದಲ್ಲಿ ಬಾರಿಸಿದ್ದನ್ನು ಬರೆದು ತೋರಿಸಲು ನನಗೆ ಬಾರದು. ತಾತ ಮಾತ್ರ ಕಾಯಿ ಆರಿಸುವುದನ್ನು ಬಿಟ್ಟು ಪೂರ್ತಿ ಕೇಳಿದರು. ಮುಂದಿನ ಶನಿವಾರ ನಾನು ಎಂದಿನಂತೆ ಪಾಠಕ್ಕೆ ಹೋದೆ, ಯಾರೂ ತಡೆಯಲಿಲ್ಲ. ಮದುವೆಯ ದಿನ ತಮಟೆ ಕಾಯಿಸಲು ತಾತ ಬೇರೆ ಯಾರಿಗೂ ಬಿಡಲಿಲ್ಲ. ‘ನಿಮಗೆ ಸದ್ದು ತಿಳಿಯಲ್ಲ’ ಎಂದು ಮೇಷ್ಟ್ರ ಹುಡುಗರನ್ನೇ ಬೈದರು.

ಆ ಬೆಳಿಗ್ಗೆ ಬೇಕೆಂದೇ ಹಸಿ ತಮಟೆ ತಂದಿದ್ದಿರಾ ಎಂದು ನಾನು ವಿಶ್ವವಿದ್ಯಾಲಯ ಸೇರಿದ ವರ್ಷ ಮೇಷ್ಟ್ರನ್ನು ಕೇಳಿದ್ದೆ. “ಇಬ್ನಿ ಬಿದ್ದಿತ್ತು ಕಣವ್ವ” ಎಂದರು, ಅಷ್ಟೇ. ಅವತ್ತೇ ಈ ತಮಟೆಯನ್ನು ನನ್ನ ಕೈಗೆ ಕೊಟ್ಟರು. ತಾತ ಹೋದಾಗ ಕರೆಯದೆಯೇ ಬಂದು ಬಾರಿಸಿದರು. ಎರಡು ವರ್ಷದ ಹಿಂದೆ ಅವರೂ ಹೋದರು. ಆ ದಿನ ತಮಟೆಗಳನ್ನು ಕಾಯಿಸಿಕೊಟ್ಟವರು ಅವರ ಹೆಂಡತಿ. ಎಂಟು ಹುಡುಗಿಯರಲ್ಲಿ ಆರು ಜನ ಬಂದಿದ್ದೆವು. ಅವರು ಮಾಡಿಸಿದ ದಾರಿಯಲ್ಲಿ, ಸ್ಮಶಾನದವರೆಗೂ ಬಾರಿಸುತ್ತ ನಡೆದೆವು...

ಕೆಳಗಿನ ಮನೆಯ ಆಂಟಿ ಇನ್ನೂ ಬಾಗಿಲಲ್ಲೇ ನಿಂತಿದ್ದರು. “ಇದು ಬಾರ್ಸಕ್ಕೆ ಬರುತ್ತಾ ನಿಮಗೆ? ಎಲ್ಲಿ, ಸ್ವಲ್ಪ ಬಾರ್ಸಿ ನೋಡೋಣ” ಎಂದರು.

ನಾನು ತಮಟೆಯನ್ನು ಅವರ ಮುಂದೆ ಚಾಚಿದೆ. “ನೀವು ಸ್ವಲ್ಪ ಕಾಯಿಸಿಕೊಡ್ತೀರಾ?”

ಅವರು ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ಕೈ ಒರೆಸಿಕೊಂಡು ತೆಗೆದುಕೊಂಡು, ಒಲೆಯ ಮುಂದೆ ನಿಂತು, “ಎಷ್ಟು ಹೊತ್ತು ಹಿಡೀಬೇಕು?” ಎಂದು ಕೇಳಿದರು.

“ಸಾಕು ಅನ್ನೋವರೆಗೆ” ಎಂದೆ. ಹೇಳಿದ ಮೇಲೆ, ಹಾಗೆನ್ನಲು ಈಗ ನನ್ನನ್ನು ಬಿಟ್ಟರೆ ಇಲ್ಲಿ ಯಾರೂ ಇಲ್ಲ ಎಂದು ಹೊಳೆಯಿತು. ಹತ್ತಿರ ಹೋಗಿ, ಬೆರಳಿನಿಂದ ತಟ್ಟಿ, ಕಿವಿಯಿಟ್ಟೆ.