ಎಡಗಡೆಯ ಮಡ್‌ಗಾರ್ಡು

ಆ ಕಾರಿನಲ್ಲಿ ಕೂತರೆ ಕೈ ಚಾಚಿ ನೆಲ ಮುಟ್ಟಬಹುದಿತ್ತು. ಎತ್ತಿನಗಾಡಿಯ ಪಕ್ಕದಲ್ಲಿ ಹೋಗುವಾಗ ಗಾಡಿಯ ಚಕ್ರ ನನ್ನ ತಲೆಗಿಂತ ಎತ್ತರಕ್ಕೆ ಕಾಣುತ್ತಿತ್ತು. ಇಬ್ಬರಿಗೆ ಮಾತ್ರ ಜಾಗ. ಮೇಲೆ ತಗಡಿನ ಬದಲು ಮಡಚಿಡುವ ಕ್ಯಾನ್ವಾಸು. ಇಂಗ್ಲೆಂಡಿನಲ್ಲಿ ಮಾಡಿದ ಸ್ಪೋರ್ಟ್ಸ್ ಕಾರು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಚಿತ್ರದುರ್ಗದಲ್ಲಿ ಅಂಥದ್ದು ಇನ್ನೊಂದನ್ನು ನಾನಂತೂ ನೋಡಲಿಲ್ಲ. ಗಣಿ ಕೆಲಸಕ್ಕೆ ಬಂದಿದ್ದ ಪರದೇಶದ ಇಂಜಿನಿಯರೊಬ್ಬ ತನ್ನ ಊರಿಗೆ ವಾಪಸು ಹೊರಟಾಗ ನನ್ನ ಗಂಡ ಅದನ್ನು ಕೊಂಡರು. ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ನನ್ನ ಗಂಡ ನನಗೆ ಸೋದರತ್ತೆಯ ಮಗ. ಮನೆಯವರದು ಕಡಲೆಕಾಯಿ ಎಣ್ಣೆಯ ಮಿಲ್ಲು. ಅವರು ಚಪ್ಪಲಿ ಕೊಳ್ಳುವುದಕ್ಕೂ ನಾಲ್ಕು ಅಂಗಡಿ ತಿರುಗುವ ಮನುಷ್ಯ. ಅಂಥವರು ಒಂದೇ ಮಧ್ಯಾಹ್ನದಲ್ಲಿ ಮಾತು ಮುಗಿಸಿ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಬೀದಿಯೇ ನೆರೆಯಿತು. ನಾನು ಅತ್ತೆಯ ಮುಖ ನೋಡಿದೆ. ಹಾಲು ಉಕ್ಕಿದರೂ ಓಣಿಗೆ ಕೇಳುವಂತೆ ಬಯ್ಯುವ ಹೆಂಗಸು ಅವರು. ಅವತ್ತು ಒಂದು ಮಾತೂ ಆಡಲಿಲ್ಲ. ಕಾರಿಗೆ ಆರತಿ ಎತ್ತಿ, ಮಗನ ಹಣೆಗೆ ವಿಭೂತಿ ಹಚ್ಚಿ, ಅವರ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಅದು ನನಗೆ ಸರಿ ಕಾಣಲಿಲ್ಲ. ಯಾಕೆಂದು ಮಾತ್ರ ಹೊಳೆಯಲಿಲ್ಲ.

ಕಾರು ಸಾಕುವುದು ಹೈನು ಸಾಕಿದಷ್ಟೇ ಕೆಲಸ. ಮೊದಲ ತಲೆನೋವು ಟೈರು. ಜೊತೆಗೆ ಬಂದ ಟೈರುಗಳು ಸವೆದಾಗ ಅದೇ ಟೈರು ಬೊಂಬಾಯಿಯಲ್ಲೂ ಸಿಗಲಿಲ್ಲ. ಕೊನೆಗೆ ಬೇರೆ ಕಾರಿನ ಟೈರು ಹೊಂದುತ್ತದೆಂದು ಯಾರೋ ಹೇಳಿ, ಎರಡು ಹೊಸವು ಹಿಂದಕ್ಕೆ, ಹೊಸ ರಬ್ಬರು ಹಾಕಿಸಿದ ಎರಡು ಹಳೆಯವು ಮುಂದಕ್ಕೆ ಬಂದವು. ಕಡ್ಡಿಚಕ್ರಗಳ ಒಂದೊಂದು ಕಡ್ಡಿಯನ್ನೂ ಅವರು ವಾರಕ್ಕೊಮ್ಮೆ ಬೆರಳಿನಿಂದ ತಟ್ಟಿ ಕೇಳುತ್ತಿದ್ದರು. ಸಡಿಲವಾದದ್ದು ಮಂಕಾಗಿ ದನಿ ಕೊಡುತ್ತದಂತೆ.

ಚಳಿಗಾಲ ಬಂದರೆ ಇನ್ನಷ್ಟು. ಕಡಲೆಕಾಯಿ ಸುಗ್ಗಿಯೂ ಅದೇ ಕಾಲ. ಕಾಯಿ ನೋಡಿ ಬರಲು ಹಿರಿಯೂರಿನ ಕಡೆಗೆ, ಹೊಸದುರ್ಗದ ಕಡೆಗೆ ಬೆಳಗಾಗುವಾಗಲೇ ಹೊರಡಬೇಕು. ಇಂಜಿನ್ನಿನ ಎಣ್ಣೆ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿರುತ್ತಿತ್ತು. ಬಾನೆಟ್ಟಿನ ಮೇಲೆ ಎರಡು ಕರಿ ಕಂಬಳಿ ಹೊದಿಸಿರುತ್ತಿದ್ದರು. ನಾನು ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಕೊಟ್ಟರೆ ರೇಡಿಯೇಟರಿಗೆ ಹುಯ್ದು, ಚೋಕ್ ಎಳೆದು, ಹ್ಯಾಂಡಲ್ ಹಾಕಿ ತಿರುಗಿಸುವರು. ಮುಂದಿನ ಗಾಜಿಗೆ ಮಂಜು ಕಟ್ಟದಿರಲಿ ಎಂದು ಒದ್ದೆ ಹೊಗೆಸೊಪ್ಪಿನಿಂದ ಉಜ್ಜುವರು. ಆ ಗಾಜನ್ನು ಅವರು ಉಜ್ಜಿದಷ್ಟು ಹೊತ್ತು ಯಾರೂ ಉಜ್ಜಲಾರರು. ಒರೆಸಿ ನೋಡುವರು, ಮತ್ತೆ ಒರೆಸುವರು.

"ಸಾಕು ಬಿಡ್ರಿ, ಕನ್ನಡಿ ಆಗೈತೆ," ಎಂದು ನಾನು ನಕ್ಕರೆ, "ಇನ್ನೂ ಮಬ್ಬು ಐತೆ ನೋಡು," ಎನ್ನುವರು. ನನಗೆ ಮಬ್ಬು ಕಾಣುತ್ತಿರಲಿಲ್ಲ.

ಎರಡನೆಯ ಚಳಿಗಾಲದಲ್ಲಿ ಎಡಗಡೆಯ ಮಡ್‌ಗಾರ್ಡು ಪೆಟ್ಟು ತಿನ್ನತೊಡಗಿತು. ಮೊದಲು ಮಿಲ್ಲಿನ ಗೇಟಿಗೆ ತಗುಲಿತು. ಆಮೇಲೆ ನಿಂತ ಎತ್ತಿನಗಾಡಿಯೊಂದರ ಮೂಕಿಗೆ. ಪ್ರತಿಸಲವೂ ಅವರು ಅದನ್ನು ತಟ್ಟಿಸಿ, ಬಣ್ಣ ಹೊಡೆಸಿ ತರುವರು. "ಮುಂದಿನ ಟೈರು ಎಡಕ್ಕೆ ಎಳೀತೈತೆ," ಎನ್ನುವರು. ಟೈರು ಬದಲಾಯಿಸಿದರು. ಬಲಗಡೆಯದನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಹಾಕಿ ನೋಡಿದರು. ಸ್ಟೆಪ್ನಿಯನ್ನೂ ಹಾಕಿ ನೋಡಿದರು. ನಾನು ಎಡಗಡೆ ಕೂರುವವಳು. ಕಾರು ಎಳೆದಂತೆ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಒಮ್ಮೆ ಹಿರಿಯೂರಿನಿಂದ ಬರುತ್ತಿದ್ದೆವು. ಐಮಂಗಲ ದಾಟುವ ಮೊದಲು ಒಳರಸ್ತೆಯೊಂದರಲ್ಲಿ ರೈತರು ಹುರುಳಿ ಸೊಪ್ಪನ್ನು ಟಾರಿನ ಮೇಲೇ ಹರಡಿದ್ದರು. ಹೋಗಿಬರುವ ಲಾರಿಗಳು ತುಳಿದು ಕಾಳು ಬಿಡಿಸಲಿ ಎಂದು. ಸೊಪ್ಪು ಚದುರದಿರಲೆಂದು ಅಂಚಿಗೆ ದಪ್ಪ ಕಲ್ಲು ಇಟ್ಟಿದ್ದರು. ಮಧ್ಯಾಹ್ನದ ಉರಿಬಿಸಿಲು. ಕಲ್ಲಿಗೆ ಸುಣ್ಣ ಬೇರೆ ಬಳಿದಿದ್ದರು. ಆ ಕಲ್ಲು ನನ್ನ ಕಡೆಗೇ ಬರುತ್ತಿತ್ತು. ಅವರು ತಪ್ಪಿಸುತ್ತಾರೆ, ಈಗ ತಪ್ಪಿಸುತ್ತಾರೆ ಎಂದು ಕೂತಿದ್ದೆ. ಧಡ್ ಎಂದು ಚಕ್ರ ಹತ್ತಿ ಇಳಿಯಿತು. ತಗ್ಗಿನ ಕಾರು, ಒಣ ಸೊಪ್ಪು ಅಡಿಗೆ ಸಿಕ್ಕಿ, ಕಾದ ಸೈಲೆನ್ಸರಿಗೆ ತಗುಲಿ ಹೊಗೆ ಎದ್ದಿತು. ಹೊಲದವರು ಓಡಿಬಂದು ಕೊಡದ ನೀರು ಎರಚಿದರು.

"ಹಗಲ್ ಹೊತ್ನಾಗೆ ಈ ಕಲ್ಲು ಕಾಣ್ಲಿಲ್ವೇನ್ರೀ ಸ್ವಾಮಿ?" ಎಂದ ಒಬ್ಬ ಮುದುಕ.

"ಟೈರು ಎಳೀತು," ಎಂದರು ಅವರು. ಹಾಗೆನ್ನುವಾಗ ಮುದುಕನ ಮುಖವನ್ನು ನೋಡಲಿಲ್ಲ.

ಮನೆಯೊಳಗೂ ಏನೋ ನಡೆಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅತ್ತೆ ನಡುಮನೆಯ ಕೊಡ, ಮಣೆ, ಒನಕೆಗಳನ್ನೆಲ್ಲ ಗೋಡೆಗೆ ಸರಿಸುತ್ತಿದ್ದರು. ಮೊದಲು ನಾನು ಅದನ್ನು ಅಚ್ಚುಕಟ್ಟು ಎಂದುಕೊಂಡಿದ್ದೆ. ಒಂದು ಸಂಜೆ ನಾನು ನೀರಿನ ತಂಬಿಗೆಯನ್ನು ದಾರಿಯಲ್ಲೇ ಬಿಟ್ಟಿದ್ದೆ. ನನ್ನ ಗಂಡ ಮಿಲ್ಲಿನಿಂದ ಬಂದವರು ಅದನ್ನು ಒದ್ದು ಮುಗ್ಗರಿಸಿದರು. ಅತ್ತೆ ನನ್ನ ಮೇಲೆ ಹರಿಹಾಯ್ದ ರೀತಿ ಒಂದು ತಂಬಿಗೆಗೆ ತಕ್ಕದ್ದಾಗಿರಲಿಲ್ಲ. ಬಯ್ಯುತ್ತಲೇ ತಂಬಿಗೆಯನ್ನು ಎತ್ತಿ ಗೋಡೆಗೆ ಸರಿಸಿದರು.

ಅದೇ ಚಳಿಗಾಲ ನನಗೆ ಮೂರು ತಿಂಗಳಾಯಿತು. ವಿಷಯ ತಿಳಿದ ಅತ್ತೆ ಹಿಗ್ಗಲಿಲ್ಲ. ಹಾಲುರಾಮೇಶ್ವರಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬರ್ರಿ, ತಡ ಮಾಡಬೇಡಿ ಎಂದರು. ಬಸ್ಸಿನಲ್ಲಿ ಹೋಗಿ ಎಂದೂ ಹೇಳಿದರು. ನನ್ನ ಗಂಡ ಕೇಳಲಿಲ್ಲ.

"ಮೆಲ್ಲಕೆ ಹೋಗಾಣ ಬಾ. ಬಸ್ಸಿನ ಕುಲುಕಾಟಕ್ಕಿಂತ ಇದೇ ವಾಸಿ," ಎಂದರು.

ಹೊಳಲ್ಕೆರೆಯವರೆಗೆ ಮಂಜು ಎಷ್ಟಿತ್ತೆಂದರೆ ಬಾನೆಟ್ಟಿನ ತುದಿ ಕಾಣುತ್ತಿರಲಿಲ್ಲ. ಮೆಲ್ಲಗೇ ಹೋದರು, ಗಾಜಿಗೆ ಮುಖವಿಟ್ಟು, ಹಾರನ್ ಹೊಡೆಯುತ್ತಾ. ಕ್ಯಾನ್ವಾಸಿನ ಹೊಲಿಗೆಯಿಂದ ಇಬ್ಬನಿ ನನ್ನ ಮೊಣಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಹೊಳಲ್ಕೆರೆ ದಾಟಿದ ಮೇಲೆ ಬಿಸಿಲು ಬಂತು. ಮಂಜು ಹರಿದು ಎರಡೂ ಕಡೆಯ ಹೊಲ, ಅದರಾಚೆಯ ಗುಡ್ಡ ಎಲ್ಲ ತೊಳೆದಿಟ್ಟ ಹಾಗೆ ಕಂಡಿತು. ನನಗೆ ಜೀವ ಬಂದ ಹಾಗಾಯಿತು. ಅವರು ಆಕ್ಸಿಲರೇಟರ್ ಒತ್ತಿದರು.

ಎಡಗಡೆಯ ಹೊಲದಿಂದ ಕುರಿಮಂದೆಯೊಂದು ರಸ್ತೆಗೆ ಏರುತ್ತಿತ್ತು. ನಾನು ಅದನ್ನು ಬಹಳ ದೂರದಿಂದಲೇ ನೋಡಿದೆ. ಮುಂದೆ ಒಬ್ಬ ಹೆಂಗಸು, ಕಂಕುಳಲ್ಲಿ ಎಳೆಮರಿ. ಹಿಂದೆ ಕಂಬಳಿ ಹೊದ್ದ ಗಂಡಸು. ವೇಗ ಇಳಿಯಲಿಲ್ಲ. ಗಂಡನ ಕಡೆ ತಿರುಗಿದೆ. ರಸ್ತೆಯನ್ನೇ ನೋಡುತ್ತಿದ್ದರು, ನೆಟ್ಟಗೆ, ಏನೂ ಇಲ್ಲದ ರಸ್ತೆಯನ್ನು ನೋಡುವ ಹಾಗೆ. ತುಟಿಯಲ್ಲಿ ಸಣ್ಣ ನಗುವೂ ಇತ್ತು.

"ಕುರಿ! ಕುರಿ ರೀ!"

"ಎಲ್ಲಿ?"

ಆ "ಎಲ್ಲಿ" ಎಂಬ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೆಂಗಸು ಆಗಲೇ ಟಾರಿನ ಮೇಲಿದ್ದಳು. ನಮ್ಮಿಬ್ಬರ ನಡುವೆ ಇದ್ದ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಇಬ್ಬನಿ ಆರದ ರಸ್ತೆ. ಕಾರಿನ ಹಿಂಭಾಗ ಜಾರಿ ಅರ್ಧ ಸುತ್ತು ಸುತ್ತಿತು. ಎಡ ಮೂಲೆಗೆ ಮೆತ್ತಗಿನದೇನೋ ಬಡಿಯಿತು. ನಾವು ಬಲಗಡೆಯ ಬದುವಿಗೆ ಹತ್ತಿ ನಿಂತೆವು.

ಹೆಂಗಸು ರಸ್ತೆಯ ಮೇಲೆ ಬಿದ್ದಿದ್ದಳು. ನಾನು ಬಾಗಿಲು ತೆಗೆದು ಓಡುವಷ್ಟರಲ್ಲಿ ಅವಳೇ ಎದ್ದು ಕೂತು ಮರಿಯನ್ನು ತಡವುತ್ತಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು, ಅಷ್ಟೆ. ಬಡಿದದ್ದು ಅವಳ ಪಕ್ಕದಲ್ಲಿದ್ದ ಕುರಿಗೆ. ಅದು ಕಾಲು ಝಾಡಿಸುತ್ತಾ ಬಿದ್ದಿತ್ತು, ನೋಡುತ್ತಿದ್ದಂತೆ ಸುಮ್ಮನಾಯಿತು.

ಗಂಡಸು ಕೋಲು ಎತ್ತಿಕೊಂಡು ಬಂದ. "ಏನ್ ಸ್ವಾಮಿ, ಕಣ್ ಕಾಣಲ್ವೇನ್ ನಿಮ್ಗೆ? ಇಷ್ಟ್ ಜೀವ ಬರೋದು ಕಾಣ್ಲಿಲ್ವಾ?"

ನನ್ನ ಗಂಡ ಇಳಿದು, ಕಾರಿನ ಮುಂದಕ್ಕೆ ಹೋಗಿ, ಎಡಗಡೆಯ ಟೈರಿನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಅದನ್ನು ಸುತ್ತಲೂ ಕೈಯಿಂದ ಸವರಿದರು. ಗಾಳಿ ತುಂಬಿ ಗಟ್ಟಿಯಾಗಿತ್ತು. ಎದ್ದು ನಮ್ಮ ಕಡೆ ಬರುವಾಗ ಸತ್ತ ಕುರಿಯನ್ನು ಎಡವಿದರು. ಬಿಸಿಲಿನಲ್ಲಿ, ಕಾಲ ಬುಡದಲ್ಲೇ ಬಿದ್ದಿದ್ದ ಕುರಿಯನ್ನು. ಎತ್ತಿದ್ದ ಕೋಲನ್ನು ಆ ಗಂಡಸು ಕೆಳಗಿಳಿಸಿದ. ಅವನ ಮುಖದ ಸಿಟ್ಟು ಹೋಗಿ ಭಯದಂಥದ್ದು ಬಂತು. "ಏನಮ್ಮ ಇದು?" ಎಂದು ನನ್ನನ್ನು ಕೇಳಿದ.

ಕುರಿಯ ಬೆಲೆ ಕೊಟ್ಟೆವು. ಹೆಂಗಸಿನ ಮೊಣಕೈ ತೊಳೆದು ನನ್ನ ಸೆರಗಿನ ಅಂಚು ಹರಿದು ಕಟ್ಟಿದೆ. ಮಂದೆ ಹೋದ ಮೇಲೆ ಇಬ್ಬರೂ ಬದುವಿನ ಮೇಲೆ ಕೂತೆವು.

"ಎಷ್ಟ್ ದಿನದಿಂದ?" ಎಂದೆ.

"ಎದುರಿಗಿರೋದು ಕಾಣ್ತೈತೆ. ಪಕ್ಕದ್ದು ಇಲ್ಲ. ಕೊಳವೆ ಒಳಗಿಂದ ನೋಡ್ದಂಗೆ. ಸಂಜೆ ಆದ್ರೆ ಅದೂ ಇಲ್ಲ."

"ಎಷ್ಟ್ ದಿನದಿಂದ ಅಂತ ಕೇಳ್ದೆ."

"ಗಾಡಿ ತಗಳಕ್ಕಿಂತ ಮೊದ್ಲಿಂದ." ಕಾರಿನ ಕಡೆ ಮುಖ ಮಾಡಿ, "ಅದಕ್ಕೇ ತಗಂಡಿದ್ದು. ಕಾಣೋವಷ್ಟ್ ದಿನ ಓಡಿಸ್ಬಿಡಾಣ ಅಂತ," ಎಂದರು.

ನನಗೆ ಅಳು ಬರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಒಳಗಿನಿಂದ ಸಿಟ್ಟು ಏರಿ ಬರುತ್ತಿತ್ತು. ಇಷ್ಟು ದಿನ ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು, ಬೆಟ್ಟದಂಥ ಲಾರಿಗಳ ನಡುವೆ ನುಗ್ಗಿದರಲ್ಲ! "ನಾನು ಕೂತಿದ್ನಲ್ರೀ ಪಕ್ಕದಾಗೆ. ನಾನೂ ಕಾಣ್ತಿರ್ಲಿಲ್ವಾ?" ಎಂದೆ. ಅವರು ಎದ್ದು, ಕಾರಿನ ಎಡಬಾಗಿಲು ತೆಗೆದು, ನಾನು ಕೂರುವ ಜಾಗದಲ್ಲಿ ತಾವು ಕೂತರು.

ಮಿಲ್ಲಿನ ಬಯಲಿನಲ್ಲಿ ಅವರು ನನಗೆ ನಾಲ್ಕಾರು ಸಲ ಸ್ಟೇರಿಂಗ್ ಕೊಟ್ಟಿದ್ದರು. ರಸ್ತೆಗೆ ಒಯ್ದಿರಲಿಲ್ಲ. ಪೂಜೆಯ ಬುಟ್ಟಿ ಸೀಟಿನ ಹಿಂದೆ ಹಾಗೇ ಇತ್ತು. ಅವತ್ತು ಎರಡನೇ ಗೇರಿನಲ್ಲಿ ಊರಿಗೆ ವಾಪಸು ತಂದೆ. ಅವರು ಕಣ್ಣು ಮುಚ್ಚಿ ಕೂತು, ಇಂಜಿನ್ನಿನ ಸದ್ದು ಕೇಳುತ್ತಾ, "ಈಗ ಕ್ಲಚ್ ಬಿಡು... ಮೆಲ್ಲಕೆ... ಲಾರಿ ಬರ್ತೈತೆ, ಸೈಡಿಗ್ ತಗಾ," ಎನ್ನುತ್ತಿದ್ದರು. ಲಾರಿ ನನಗಿಂತ ಮೊದಲು ಅವರಿಗೇ ಗೊತ್ತಾಗುತ್ತಿತ್ತು.

ಅಂಗಳಕ್ಕೆ ಕಾರು ಬಂದಾಗ ಸ್ಟೇರಿಂಗಿನ ಮುಂದೆ ನನ್ನನ್ನು ನೋಡಿದ ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟರು.

"ನಂಗೆ ಗೊತ್ತಿತ್ತು ಕಣೇ. ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು," ಎಂದರು.

ಅವರ ಅಪ್ಪ ಎಂದರೆ ನನ್ನ ಅಜ್ಜ. ಹೊತ್ತು ಮುಳುಗಿದ ಮೇಲೆ ಗೋಡೆ ಹಿಡಿದು ನಡೆಯುತ್ತಿದ್ದ ಅಜ್ಜನನ್ನು ನಾನೂ ನೋಡಿದ್ದೆ. ವಯಸ್ಸಾಗಿದೆ, ಇರುಳುಗುರುಡು ಎನ್ನುತ್ತಿದ್ದರು. ಎಷ್ಟನೇ ವಯಸ್ಸಿಗೆ ಅದು ಶುರುವಾಯಿತೆಂದು ನಾವು ಮಕ್ಕಳು ಯಾರೂ ಕೇಳಿರಲಿಲ್ಲ.

ಬೆಂಗಳೂರಿನ ಕಣ್ಣಿನ ವೈದ್ಯರು ಕತ್ತಲೆ ಕೋಣೆಯಲ್ಲಿ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಇದಕ್ಕೆ ಔಷಧಿ ಇಲ್ಲ, ಸುತ್ತಲಿನಿಂದ ಮುಚ್ಚುತ್ತಾ ಬರುತ್ತದೆ ಎಂದರು. ಆಮೇಲೆ, ನಿಮ್ಮದು ಸಂಬಂಧದಲ್ಲಿ ಆದ ಮದುವೆಯೇ ಎಂದು ಕೇಳಿದರು. ಹೌದೆಂದೆ. ಇವರ ತಂದೆತಾಯಿಯದು ಎಂದರು. ಅದೂ ಒಳಗಿನ ಸಂಬಂಧವೇ ಎಂದೆ. ವೈದ್ಯರು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ ಪೆನ್ನಿಗೆ ಮುಚ್ಚಳ ಹಾಕಿದರು. "ಹುಟ್ಟಿದ ಕೂಡಲೇ ಗೊತ್ತಾಗೋದಿಲ್ಲಮ್ಮ. ಕಾಯಬೇಕು," ಎಂದರು.

ಮಗಳು ಹುಟ್ಟಿದಳು. ಕಾರನ್ನು ಆಮೇಲೆ ನಾನೇ ಓಡಿಸಿದೆ. ಕಾಯಿ ನೋಡಲು ಮಾಡದಕೆರೆಗೆ, ಹೊಸದುರ್ಗಕ್ಕೆ ಅವರನ್ನು ಕರೆದುಕೊಂಡು ಹೋಗುತ್ತಿದ್ದೆ. ಊರವರು ಮೊದಮೊದಲು ನಿಂತು ನೋಡುತ್ತಿದ್ದರು, ಆಮೇಲೆ ಬಿಟ್ಟರು. ಟೈರಿನ ಗಾಳಿ ಎಷ್ಟಿದೆಯೆಂದು ನನ್ನ ಗಂಡ ಮುಷ್ಟಿಯಿಂದ ಗುದ್ದಿಯೇ ಹೇಳುತ್ತಿದ್ದರು. ಕೆಲವು ವರ್ಷದ ಮೇಲೆ ಗೇರ್ ಬಾಕ್ಸ್ ಹೋಯಿತು, ಬಿಡಿಭಾಗ ಸಿಗಲಿಲ್ಲ, ದಾವಣಗೆರೆಯ ಕಡೆಯವರು ಯಾರೋ ಬಂದು ಲಾರಿಯಲ್ಲಿ ಹೇರಿಕೊಂಡು ಹೋದರು. ಅಷ್ಟರಲ್ಲಿ ಅವರಿಗೆ ಎದುರಿನದೂ ಸರಿಯಾಗಿ ಕಾಣುತ್ತಿರಲಿಲ್ಲ.

ಇನ್ನೊಂದು ಮಗು ಬೇಡವೆಂದು ನಾವಿಬ್ಬರೂ ಬಾಯಿಬಿಟ್ಟು ಮಾತಾಡಲಿಲ್ಲ. ಮಗು ಆಗಲೂ ಇಲ್ಲ. ಮಗಳು ನಡೆಯಲು ಕಲಿತ ದಿನದಿಂದ ನಮ್ಮ ಸಂಜೆಗಳು ಬೇರೆಯಾದವು. ಬೀದಿಯ ಮನೆಗಳಲ್ಲೆಲ್ಲ ದೀಪ ಹತ್ತಿದರೂ ನಾನು ಹಚ್ಚುತ್ತಿರಲಿಲ್ಲ. ಅಂಗಳದ ಉದ್ದಕ್ಕೂ ಮಣೆ, ಚೊಂಬು, ಚಿಕ್ಕ ಕಲ್ಲು ಇಟ್ಟು, ಈ ತುದಿಯಲ್ಲಿ ಕೂತು ಅವಳನ್ನು ಕರೆಯುತ್ತಿದ್ದೆ. ಆ ಮಬ್ಬಿನಲ್ಲಿ ಪುಟ್ಟ ಕಾಲು ಬರುವುದನ್ನು ನೋಡುತ್ತಿದ್ದೆ. ಅವಳ ಕಣ್ಣಿಗೆ ಏನೂ ಆಗಿಲ್ಲವೆಂದು ಈಗ ಹೇಳಬಲ್ಲೆ. ಆಗ ಹೇಳುವವರು ಯಾರೂ ಇರಲಿಲ್ಲ.

ಅವರು ಜಗಲಿಯ ಮೇಲೆ ಕೂತು ಹೆಜ್ಜೆಯ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದರು.

"ಎಡವಿದ್ಲಾ?"

"ಇಲ್ಲ."

"ಸುತ್ತಿ ಬಂದ್ಲಾ, ದಾಟಿ ಬಂದ್ಲಾ?"

"ಸುತ್ತಿ ಬಂದ್ಲು."

"ಇನ್ನೊಂದ್ಸಲ ಕರಿ," ಎನ್ನುತ್ತಿದ್ದರು.