ಅತ್ತೆಯ ಜೊತೆ ಭೂತಬಂಗಲೆ

ಮದುವೆಯಾಗಿ ಸಿಂದಗಿಯಿಂದ ಇಂಡಿಗೆ ಬಂದ ಹೊಸತು. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ‘ಚಾ ಆತು’, ‘ಊಟಕ್ಕ ಏಳು’ ಬಿಟ್ಟರೆ ಅತ್ತೆಯ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ತವರಿನಲ್ಲಿ ನಾನು ದೊಡ್ಡ ಬಾಯಿಬಡುಕಿ. ಇಲ್ಲಿ ಒಂದು ಮಾತಿಗಾಗಿ ಕಾಯುವ ಗತಿ ಬಂತಲ್ಲ ಎಂದು ಅಳು ಬರುತ್ತಿತ್ತು. ಏನು ತಪ್ಪು ಮಾಡಿದೆನೋ ತಿಳಿಯದೆ ಅವರೆಂದರೆ ಅಂಜಿಕೆ ಬೇರೆ.

ಒಂದು ಮಧ್ಯಾಹ್ನ ಟೀವಿಯಲ್ಲಿ ಹಳೆಯ ಕಪ್ಪುಬಿಳುಪಿನ ಇಂಗ್ಲಿಷ್ ಸಿನಿಮಾ ಹಚ್ಚಿಕೊಂಡು ಕೂತೆ. ಒಂದು ಭೂತಬಂಗಲೆ, ಅದರಲ್ಲೊಂದು ಕೊಲೆಯ ಗುಟ್ಟು. ಸಿನಿಮಾ ತೆಗೆದವರ ಕೈಯಲ್ಲಿ ಕಾಸಿರಲಿಲ್ಲವೆಂದು ಕಾಣುತ್ತದೆ, ಬಾಗಿಲು ಹಾಕಿದರೆ ಗೋಡೆಯೇ ಅಲುಗುತ್ತಿತ್ತು. ತೊಗರಿಬೇಳೆ ಆರಿಸುತ್ತಿದ್ದ ಅತ್ತೆ ಮೊರದ ಸಮೇತ ಬಂದು ಪಕ್ಕದಲ್ಲಿ ಕೂತರು.

‘ಇಷ್ಟು ದೊಡ್ಡ ಮನಿ, ಜೇಡರ ಬಲಿ ಝಾಡ್ಸಾಕ ಒಬ್ರೂ ಇಲ್ಲೇನು?’

ನನಗೆ ನಗು ತಡೆಯಲಾಗಲಿಲ್ಲ. ‘ಅವರು ಏನಂದ್ರು?’ ಎಂದು ಅತ್ತೆ ಟೀವಿಯತ್ತ ತೋರಿಸಿ ಕೇಳಿದರು. ಕನ್ನಡದಲ್ಲಿ ಹೇಳುತ್ತ ಹೋದೆ. ಬಂಗಲೆಗೆ ಬಂದ ನೆಂಟರಲ್ಲಿ ದಪ್ಪ ಮೀಸೆಯವನೊಬ್ಬ ‘ನಾನು ಹೋಗುತ್ತೇನೆ’ ಎಂದು ಎದ್ದ. ಮನೆಯಿಂದ ಹೊರಡುವವರು ‘ಹೋಗ್ತೇನಿ’ ಅನ್ನುವುದು ನಮ್ಮಲ್ಲಿಲ್ಲ, ಅಪಶಕುನ. ರೂಢಿಯಂತೆ ‘ಬರ್ತೇನ್ರಿ ಅಂದ’ ಎಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಅವನ ರಕ್ತ ಹತ್ತಿದ ಕೋಟು ಸಿಕ್ಕಿತು. ಸತ್ತೇಹೋದ ಎಂದು ನೆಂಟರೆಲ್ಲ ಅತ್ತರು. ನಾನೂ ನಂಬಿದೆ.

‘ಎಲ್ಲಿ ಸತ್ತಾನ?’ ಎಂದರು ಅತ್ತೆ. ‘ಬರ್ತೇನಿ ಅಂತ ಹೇಳಿ ಹೋಗ್ಯಾನಲ್ಲ, ಬರ್ತಾನ ತಗೊ.’

ಕೊನೆಗೆ ಬಂಗಲೆಯಲ್ಲಿ ಓಡಾಡುತ್ತಿದ್ದ ಭೂತದ ಮೇಲಿನ ಬಿಳಿ ಬಟ್ಟೆ ಎಳೆದರೆ ಒಳಗೆ ಅದೇ ಮೀಸೆ! ಎಲ್ಲ ಅವನದೇ ಕಿತಾಪತಿ. ನನ್ನ ತಪ್ಪು ಅನುವಾದ ಹಿಡಿದುಕೊಂಡು ಅತ್ತೆ ಕಳ್ಳನನ್ನು ಹಿಡಿದಿದ್ದರು. ಮೊರ ಜಾರಿ ಬೇಳೆಯೆಲ್ಲ ಚೆಲ್ಲುವಂತೆ ಚಪ್ಪಾಳೆ ಹೊಡೆದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬೇಳೆ ಬಳಿದು ತುಂಬುವಾಗ ನನಗೆ ಧೈರ್ಯ ಬಂತು. ‘ಅತ್ತಿ, ಇಷ್ಟು ಚಂದ ಮಾತಾಡ್ತೀರಿ, ನನ್ನ ಜೋಡಿ ಇಷ್ಟು ದಿನ ಯಾಕ ಮಾತಾಡಲಿಲ್ರಿ?’

ಅವರು ತಲೆ ಎತ್ತಲಿಲ್ಲ. ‘ನೀ ಇಂಗ್ಲಿಷ್ ಎಂ.ಎ. ಮಾಡಿದಾಕಿ. ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ನನ್ನ ಮಾತು ಕೇಳಿ ನಗ್ತೀ ಏನೋ ಅಂತ ಅಂಜಿದ್ದೆ, ಯವ್ವಾ.’

ಇಡೀ ಮಧ್ಯಾಹ್ನ ಅವರ ಮಾತಿಗೇ ನಕ್ಕಿದ್ದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಅತ್ತೆ ಮೊರ ಬದಿಗಿಟ್ಟರು.

‘ಇಂಥಾದ್ದ ಇನ್ನೊಂದು ಹಚ್ಚು,’ ಎಂದರು, ‘ಇನ್ನೂ ನಗೂಣು.’