ನಾನು ಕಲಿಸಿದ ಹಕಾರ

‘“ಹ” ಅನ್ನು’ ಅಂದೆ.

‘ಅ’ ಅಂದ.

‘ಎದೆಯಿಂದ ಉಸಿರು ಬರಬೇಕು ಕಣೋ. ಹ!’

‘ಉಸ್ರೆಲ್ಲಾ ಇದ್ಕೇ ಓದ್ರೆ ಬದುಕೋದೆಂಗ್ಲಾ?’

ಹನಕೆರೆಯ ಚಿಕ್ಕಬೋರ ನನ್ನ ಬಾಲ್ಯದ ಗೆಳೆಯ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಾನೆ. ತೂಕಕ್ಕೆ ಗಾಡಿಗಳು ಸಾಲುಗಟ್ಟಿ ನಿಂತಾಗ, ಖಾಲಿ ಸೀಮೆಣ್ಣೆ ಡಬ್ಬ ಬಡಿಯುತ್ತಾ ಶುರು ಮಾಡುತ್ತಾನೆ:

ಅಳ್ಳಿ ಬುಟ್ಟೆ, ಅಗ್ಗ ಇಡ್ದೆ,
ಅಸೀ ಕಬ್ಬ ಏರ್ಕಂಡ್ ಬಂದೆ,
ಇಂದೆ ಗಾಡಿ, ಮುಂದೆ ಗಾಡಿ,
ನಂದ್ಯಾವಾಗ್ಲಾ ತೂಗೋದು?

ರಾಗವಿಲ್ಲ. ಬರೀ ಮಾತೂ ಅಲ್ಲ. ತಾಳದ ಮೇಲೆ ಮಾತು ಓಡುತ್ತದೆ, ಪ್ರಾಸಕ್ಕೆ ಪ್ರಾಸ ಡಿಕ್ಕಿ ಹೊಡೆಯುತ್ತದೆ. ಇದಕ್ಕೇನು ಹೆಸರು? ಗೊತ್ತಿಲ್ಲ. (ಬಿ.ಎ.ಯಲ್ಲಿ ಇರಲಿಲ್ಲ.)

ಮದ್ದೂರಿನ ಆರ್ಕೆಸ್ಟ್ರಾದವರು ‘ರಾಗ ಎಲ್ಲಯ್ಯಾ?’ ಅಂತ ವಾಪಸ್ ಕಳಿಸಿದರು. ನಾಟಕದವರು ‘ಹಾಡಾದ್ರೆ ಹಾಡು, ಮಾತಾದ್ರೆ ಮಾತಾಡು’ ಅಂದರು. ಉಳಿದದ್ದು ರೇಡಿಯೊ. ಅರ್ಜಿ ತುಂಬಿದ್ದು ನಾನೇ. ಆಡಿಷನ್ನಿಗೆ ಕಾರ್ಡು ಬಂತು.

‘ಇದೂ ಓದ್ರೆ ಡಬ್ಬುಕ್ಕೆ ಸೀಮೆಣ್ಣೆ ಉಯ್ಕತೀನಿ ಕಣ್ಲಾ. ಇನ್ ಬಡ್ಯಲ್ಲ’ ಅಂದ.

ಅದಕ್ಕೇ ನಾನು ಹಕಾರ ತಿದ್ದಲು ಕೂತದ್ದು. ನಮ್ಮ ಸೀಮೆಯ ನಾಲಿಗೆಗೆ ಅದೊಂದು ಅಕ್ಷರ ಭಾರ. ನಮ್ಮ ವಂಶಕ್ಕೇ ಮೊದಲ ಡಿಗ್ರಿ ನನ್ನದು. ಕಾಲೇಜಿನ ಮೊದಲ ದಿನ ‘ಆಸ್ಟ್ಲು ಎಲ್ಲೈತೆ ಸಾ?’ ಅಂದದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಬೋರನನ್ನು ನೋಡಿ ಯಾರೂ ನಗಬಾರದು ಅಂದುಕೊಂಡೆ. ತಪ್ಪೇ?

ಕಳೆದ ಮಂಗಳವಾರ ಆಡಿಷನ್. ನಾನೂ ರೇಡಿಯೊ ಸ್ಟುಡಿಯೊ ಒಳಗೆ ಹೋಗಿ ಮೂಲೆಯಲ್ಲಿ ಕೂತೆ. ಬೋರ ‘ಹ…ಳ್ಳಿ’ ಅಂದ, ತಡೆದ. ‘ಹ…ಗ್ಗ’ ಅಂದ, ಬೆವರಿದ. ಒಂದೊಂದು ಹಕಾರಕ್ಕೂ ಚಕ್ರಕ್ಕೆ ಕಲ್ಲು ಸಿಕ್ಕಂತೆ. ಮೂರನೇ ಸಾಲಿಗೆ ಗಾಡಿ ನಿಂತೇ ಹೋಯಿತು.

ಅಧಿಕಾರಿ ಪೆನ್ನು ಕೆಳಗಿಟ್ಟರು. ‘ಯಾರಪ್ಪಾ ಹೀಗೆ ಕಲಿಸಿದ್ದು?’

ಬೋರ ನನ್ನ ಕಡೆ ಕೈ ತೋರಿಸಿದ. ‘ಇವ್ನೇ ಸಾ. ಬಿ.ಎ. ಮಾಡವ್ನೆ.’

‘ಅವರು ಸ್ವಲ್ಪ ಹೊರಗಿರಲಿ. ನೀನು ಊರಲ್ಲಿ ಹೇಳೋ ಹಾಗೇ ಹೇಳು.’

ದಪ್ಪ ಬಾಗಿಲು ಮುಚ್ಚಿತು. ಸದ್ದು ಆಚೆ ಬರುವಂತಿಲ್ಲ. ಬಾಗಿಲ ಗಾಜಿನಲ್ಲಿ ಬೋರನ ಕೈ ಡಬ್ಬದ ಮೇಲೆ ಹಾರುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅಧಿಕಾರಿಯ ಬೆರಳುಗಳೂ ಮೇಜಿನ ಮೇಲೆ ಕುಣಿಯತೊಡಗಿದವು!

ಬೋರ ಹೊರಗೆ ಬಂದವನೇ ನನ್ನ ಬೆನ್ನಿಗೆ ಗುದ್ದಿದ. ‘ಮುಂದ್ಲ ತಿಂಗ್ಳು ರೆಕಾಡಿಂಗಂತೆ ಕಣ್ಲಾ! ನೀನೂ ಬಾ. ಒಳೀಕ್ ಮಾತ್ರ ಬರ್ಬ್ಯಾಡ.’

ಹದಿನೈದು ವರ್ಷ ಓದಿದ್ದೇನೆ, ಅದರ ಹೆಮ್ಮೆ ಇವತ್ತಿಗೂ ಇದೆ. ಆದರೆ ಯಾವಾಗ ಎದ್ದು ಆಚೆ ಹೋಗಬೇಕು ಅನ್ನುವುದನ್ನು ಒಬ್ಬ ಮೇಷ್ಟರಾದರೂ ಹೇಳಿಕೊಡಬಾರದಿತ್ತೇ?